ಹಳ್ಳಿಯ ಗಡಿ, ನಗರದ ಅಂಚು: ನಡುವೆ ನಿಂತ ಬೇಸಾಯ

ಹಿಂದಿನ ಕಾಲದಲ್ಲಿ ಹಳ್ಳಿ ಎಲ್ಲಿ ಮುಗಿಯುತ್ತದೆ, ಪಟ್ಟಣ ಎಲ್ಲಿ ತೊಡಗುತ್ತದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂತೆಗೆ ತರಕಾರಿ ಹೇರಿಕೊಂಡು ಹೊರಟ ಗಾಡಿ ಸುಂಕದ ಕಟ್ಟೆಯ ಬಳಿ ನಿಲ್ಲಬೇಕಾಗಿತ್ತು. ಸುಂಕ ತೆತ್ತು ಒಳಗೆ ಹೋದರೆ ಪಟ್ಟಣ. ಕಟ್ಟೆಯ ಈಚೆ ಹಳ್ಳಿ. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ಸುಂಕ ರದ್ದಾಯಿತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಸುಂಕದಕಟ್ಟೆ ಇಂದು ಹೆಸರಿಗೆ ಮಾತ್ರ ಗಡಿ. ಅದರ ಆಚೆಗೂ ಮೈಲಿಗಟ್ಟಲೆ ಮನೆಗಳ ಸಾಲು ಹಬ್ಬಿದೆ. ಗಡಿ ಕಲ್ಲು ಇದ್ದಲ್ಲೇ ಇದೆ, ಗಡಿ ಮಾತ್ರ ಎತ್ತಲೋ ಸರಿದಿದೆ.

ಕೃಷಿ ವಿಶ್ವವಿದ್ಯಾನಿಲಯದ ಕಥೆಯೂ ಇದೇ. 1964ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಹೆಬ್ಬಾಳವು ನಗರದ ಅಂಚಾಗಿತ್ತು. 1969ರಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಡಿಗಲ್ಲು ಬಿದ್ದಾಗ ಸುತ್ತ ಇದ್ದುದು ರಾಗಿ ಹೊಲ, ದ್ರಾಕ್ಷಿ ತೋಟ. ಈಗ ಸುಮಾರು 1300 ಎಕರೆಯ ಆ ಆವರಣವನ್ನು ನಾಲ್ಕು ಕಡೆಯಿಂದಲೂ ನಗರ ಬಳಸಿ ನಿಂತಿದೆ. ವಿಶ್ವವಿದ್ಯಾನಿಲಯ ಇದ್ದಲ್ಲೇ ಇದೆ. ನಗರ ಅದನ್ನು ದಾಟಿ ಮುಂದೆ ಹೋಗಿದೆ.

ಬೆಂಗಳೂರಿನ ಸುತ್ತಣ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಆನೇಕಲ್ ತಾಲ್ಲೂಕುಗಳ ರೈತರಿಗೆ ಇದು ದಿನನಿತ್ಯದ ಅನುಭವ. ಬೇರೆ ನಗರಗಳ ಹೆದ್ದಾರಿಗಳ ಬದಿಯ ಊರುಗಳಲ್ಲಿಯೂ ಇದೇ ಬದಲಾವಣೆ ಕಾಣತೊಡಗಿದೆ. ಆದ್ದರಿಂದ ಈ ಗಡಿಯನ್ನು ಯಾರು ಗುರುತಿಸುತ್ತಾರೆ, ಹೇಗೆ ಗುರುತಿಸುತ್ತಾರೆ, ಅದು ಸರಿದಾಗ ರೈತನ ಜಮೀನು, ನೀರು ಮತ್ತು ಬೇಸಾಯದ ಮೇಲೆ ಆಗುವ ಪರಿಣಾಮಗಳೇನು ಎಂಬುದನ್ನು ಪ್ರತಿಯೊಬ್ಬ ರೈತನೂ ಅರಿತಿರುವುದು ಒಳಿತು.

ಜನಗಣತಿಯ ಅಳತೆಗೋಲು

ನಮ್ಮ ದೇಶದಲ್ಲಿ ಪಟ್ಟಣಗಳು ಎರಡು ಬಗೆ. ನಗರಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಎಂದು ಸರ್ಕಾರ ಕಾನೂನಿನಂತೆ ಘೋಷಿಸಿದವು ಒಂದು ಬಗೆ. ಯಾವ ಘೋಷಣೆಯೂ ಇಲ್ಲದೆ ಜನಗಣತಿ ಇಲಾಖೆಯವರು ತಮ್ಮ ಲೆಕ್ಕಕ್ಕಾಗಿ ಪಟ್ಟಣವೆಂದು ಎಣಿಸುವವು ಇನ್ನೊಂದು ಬಗೆ. ಇವನ್ನು ಗಣತಿ ಪಟ್ಟಣಗಳು ಎನ್ನುತ್ತಾರೆ. ಒಂದು ಊರು ಗಣತಿ ಪಟ್ಟಣ ಎನಿಸಬೇಕಾದರೆ ಮೂರು ಲಕ್ಷಣಗಳು ಇರಬೇಕು. ಜನಸಂಖ್ಯೆ ಕನಿಷ್ಠ 5000 ಇರಬೇಕು. ಒಂದು ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ವಾಸಿಸುತ್ತಿರಬೇಕು. ಊರಿನ ಮುಖ್ಯ ದುಡಿಮೆಗಾರರಾದ ಗಂಡಸರಲ್ಲಿ ಶೇಕಡ 75ರಷ್ಟು ಮಂದಿಯಾದರೂ ಬೇಸಾಯವಲ್ಲದ ಕಸುಬಿನಲ್ಲಿರಬೇಕು.

ಮೂರನೆಯ ಲಕ್ಷಣವನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಇಲ್ಲಿ ಎಣಿಕೆಗೆ ಬರುವವರು ಗಂಡಸರು ಮಾತ್ರ. ನಗರದ ಅಂಚಿನ ಊರುಗಳಲ್ಲಿ ಗಂಡಸರು ಬೆಳಗ್ಗೆ ಬಸ್ಸು ಹತ್ತಿ ಕಾರ್ಖಾನೆಗೋ, ಕಟ್ಟಡದ ಕೆಲಸಕ್ಕೋ, ಕಾವಲುಗಾರಿಕೆಗೋ ಹೋಗುತ್ತಾರೆ. ಹಸು ಕರೆಯುವುದು, ಮೇವು ತರುವುದು, ಸೊಪ್ಪಿನ ಮಡಿಗೆ ನೀರು ಕಟ್ಟುವುದು, ರಾಗಿ ಕಳೆ ತೆಗೆಯುವುದು ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ಊರಿನ ಹೊಲವೆಲ್ಲ ಹಸಿರಾಗಿಯೇ ಇದ್ದರೂ, ಅದನ್ನು ಉಳುವವರು ಹೆಂಗಸರು ಎಂಬ ಕಾರಣದಿಂದಲೇ ಊರು ಲೆಕ್ಕದಲ್ಲಿ ಪಟ್ಟಣವಾಗಿಬಿಡಬಹುದು.

ದೇಶದಲ್ಲಿ 2001ರ ಗಣತಿಯಲ್ಲಿ 1362 ಗಣತಿ ಪಟ್ಟಣಗಳಿದ್ದವು. 2011ರ ಗಣತಿಯಲ್ಲಿ ಅವು 3894ಕ್ಕೆ ಏರಿದವು. ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ 44 ಇದ್ದವು 127 ಆದವು. ರಾಜ್ಯದ ಜನರಲ್ಲಿ ಪಟ್ಟಣವಾಸಿಗಳ ಪಾಲು ಶೇಕಡ 34ರಿಂದ 38.67ಕ್ಕೆ ಏರಿತು. ಈ ಏರಿಕೆಯಲ್ಲಿ ಹಳ್ಳಿ ಬಿಟ್ಟು ಪಟ್ಟಣ ಸೇರಿದವರ ಜೊತೆಗೆ ಇನ್ನೊಂದು ಗುಂಪೂ ಇದೆ: ಇದ್ದ ಊರಿನಲ್ಲೇ ಇದ್ದು, ಊರೇ ಪಟ್ಟಣವಾದ್ದರಿಂದ ಪಟ್ಟಣಿಗರಾದವರು. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಮುಂದಕ್ಕೆ ಹೋದ್ದರಿಂದ, ಯೋಜನೆ ಮಾಡುವವರು ಬಹು ವರ್ಷ ಈ ಹಳೆಯ ಅಂಕಿಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಬೆಂಗಳೂರಿನ ಅಂಚಿನಂಥ ಕಡೆಯಲ್ಲಿ ಹತ್ತು ವರ್ಷವೆಂದರೆ ಒಂದು ತಲೆಮಾರಿನಷ್ಟು ಬದಲಾವಣೆ.

ಗಣತಿ ಪಟ್ಟಣದ ಆಡಳಿತ ಮಾತ್ರ ಗ್ರಾಮ ಪಂಚಾಯಿತಿಯದೇ. ಜನಸಂಖ್ಯೆ ಪಟ್ಟಣದ್ದು, ಚರಂಡಿ, ಕಸ, ದೀಪಗಳ ಹಣಕಾಸು ಹಳ್ಳಿಯದು. ಒಳಚರಂಡಿ ಇಲ್ಲದ ಊರಿನಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದರೆ ಆ ನೀರೆಲ್ಲ ಹರಿಯುವುದು ತಗ್ಗಿನಲ್ಲಿರುವ ಕೆರೆಗೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದೇಶವೂ ಹೌದು, ಕೋಟೆಯೂ ಹೌದು

ಈ ನಡುವಣ ಸ್ಥಿತಿ ನಮ್ಮ ನಾಡಿಗಷ್ಟೇ ಬಂದದ್ದಲ್ಲ. ಇಂಡೋನೇಷ್ಯದ ಜಾವಾ ದ್ವೀಪದಲ್ಲಿ ಭತ್ತದ ಗದ್ದೆ, ಕಾರ್ಖಾನೆ, ಮನೆ ಎಲ್ಲವೂ ಒಂದರೊಳಗೊಂದು ಬೆರೆತು ನೂರಾರು ಕಿಲೋಮೀಟರು ಹಬ್ಬಿರುವುದನ್ನು ಕಂಡ ಭೂಗೋಳಶಾಸ್ತ್ರಜ್ಞ ಟೆರಿ ಮೆಕ್‌ಗೀ ಅದಕ್ಕೆ ಅಲ್ಲಿಯ ಭಾಷೆಯಿಂದಲೇ ‘ದೇಸಕೋಟ’ ಎಂಬ ಹೆಸರು ಕೊಟ್ಟರು. ಆ ಭಾಷೆಯಲ್ಲಿ ‘ದೇಸ’ ಎಂದರೆ ಹಳ್ಳಿ, ‘ಕೋಟ’ ಎಂದರೆ ಪಟ್ಟಣ. ಎರಡು ಮಾತುಗಳೂ ನಮ್ಮ ‘ದೇಶ’ ಮತ್ತು ‘ಕೋಟೆ’ಗಳ ಬಂಧುಗಳೇ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಜರ್ಮನಿಯ ಕಾಸೆಲ್ ಮತ್ತು ಗ್ಯೋಟಿಂಗನ್ ವಿಶ್ವವಿದ್ಯಾನಿಲಯಗಳೊಡನೆ ಸೇರಿ ಈ ವಿಷಯವನ್ನು ಬೆಂಗಳೂರಿನ ಸುತ್ತ ವಿವರವಾಗಿ ಅಭ್ಯಸಿಸಿದೆ. ಇಲ್ಲಿ ಸಂಶೋಧಕರು ‘ಇದು ಹಳ್ಳಿ, ಇದು ನಗರ’ ಎಂದು ಗೆರೆ ಎಳೆಯಲಿಲ್ಲ. ನಗರದ ನಡುವಿನಿಂದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಉದ್ದನೆಯ ಪಟ್ಟಿಯನ್ನು ಗುರುತಿಸಿ, ಪ್ರತಿ ಊರಿಗೂ ವಿಧಾನಸೌಧದಿಂದ ಇರುವ ದೂರ ಎಷ್ಟು, ಊರಿನ ಸುತ್ತ ಕಟ್ಟಡಗಳಿಂದ ಮುಚ್ಚಿಹೋದ ನೆಲದ ಪಾಲು ಎಷ್ಟು ಎಂಬ ಎರಡು ಅಂಶಗಳಿಂದ ಅಂಕ ಕೊಟ್ಟರು. ಆಗ ಊರುಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದು ನಿಂತವು. ಹಾಲಿಗೆ ನೀರು ಬೆರೆತಂತೆ ನಗರವು ಹಳ್ಳಿಯಲ್ಲಿ ಹೆಚ್ಚು ಕಡಮೆಯಾಗಿ ಬೆರೆತಿರುತ್ತದೆ ಎಂಬುದನ್ನು ಈ ವಿಧಾನ ಒಪ್ಪಿಕೊಳ್ಳುತ್ತದೆ. ಕಾನೂನಿಗೆ ಮಾತ್ರ ಇಂಥ ಮೆಟ್ಟಿಲುಗಳಿಲ್ಲ. ಅದಕ್ಕೆ ಗೆರೆ ಬೇಕು. ಗೆರೆಯ ಈಚೆ ಒಂದು ನಿಯಮ, ಆಚೆ ಇನ್ನೊಂದು.

ಹಸಿರು ಪಟ್ಟಿಯ ಪಾಠ

ಬೆಂಗಳೂರಿಗೆ 1984ರಲ್ಲಿ ಸಿದ್ಧವಾದ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ಸುಮಾರು 1279 ಚದರ ಕಿಲೋಮೀಟರ್ ಯೋಜನಾ ಪ್ರದೇಶದ ಪೈಕಿ ಸುಮಾರು 839 ಚದರ ಕಿಲೋಮೀಟರನ್ನು ಹಸಿರು ಪಟ್ಟಿ ಎಂದು ಬಿಡಲಾಗಿತ್ತು. ಬೇಸಾಯ, ತೋಟ, ಕೆರೆಗಳಿಗೆ ಮೀಸಲಾದ ಈ ಪಟ್ಟಿ ನಗರವನ್ನು ಬೇಲಿಯಂತೆ ತಡೆಯಬೇಕೆಂಬುದು ಉದ್ದೇಶ. 1995ರ ಪರಿಷ್ಕರಣೆಯಲ್ಲಿ ಇದು ಸುಮಾರು 682 ಚದರ ಕಿಲೋಮೀಟರಿಗೆ ಇಳಿಯಿತು. 2007ರಲ್ಲಿ ಒಪ್ಪಿಗೆ ಪಡೆದ ಯೋಜನೆಯಲ್ಲಿ ಮತ್ತಷ್ಟು ಕಿರಿದಾಯಿತು.

ಬೇಲಿ ಏಕೆ ನಿಲ್ಲಲಿಲ್ಲ? ನಕ್ಷೆಯ ಮೇಲೆ ಹಸಿರು ಬಣ್ಣ ಬಳಿದರೆ ಆ ನೆಲದ ಬೇಸಾಯ ತಾನಾಗಿ ಲಾಭದಾಯಕವಾಗುವುದಿಲ್ಲ. ಹಸಿರು ಪಟ್ಟಿಯ ರೈತನಿಗೆ ನೀರಾವರಿ, ಮಾರುಕಟ್ಟೆ, ಶೀತಲಗೃಹ ಮುಂತಾದ ವಿಶೇಷ ಸೌಕರ್ಯ ಒದಗಿಸುವ ಏರ್ಪಾಡು ಯೋಜನೆಯೊಡನೆ ಬರಲಿಲ್ಲ. ಕಟ್ಟಬಾರದೆಂಬ ನಿರ್ಬಂಧ ಮಾತ್ರ ಬಂದಿತು. ನಿರ್ಬಂಧವಿದ್ದರೂ ಕಂದಾಯ ಜಮೀನಿನಲ್ಲಿ ಗುಂಟೆ ಲೆಕ್ಕದ ನಿವೇಶನಗಳ ಮಾರಾಟ ನಡೆಯಿತು. ಮುಂದಿನ ಪರಿಷ್ಕರಣೆ ಬರುವ ಹೊತ್ತಿಗೆ ಅಲ್ಲಿ ಮನೆಗಳಿದ್ದವು. ಇರುವುದನ್ನು ಒಪ್ಪಿಕೊಳ್ಳುವುದಷ್ಟೇ ಉಳಿಯಿತು.

2007ರಲ್ಲಿ ಹಿಂದಿನ ನಗರಪಾಲಿಕೆಗೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 226 ಚದರ ಕಿಲೋಮೀಟರಿದ್ದ ನಗರ ಒಮ್ಮೆಗೆ 700 ಚದರ ಕಿಲೋಮೀಟರಿಗೂ ಹೆಚ್ಚಾಯಿತು. 2025ರಲ್ಲಿ ಇದೇ ಪ್ರದೇಶವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ತರಲಾಗಿದೆ. ಆ 110 ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಉದ್ದೇಶದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಕಾಗದದ ಮೇಲೆ ನಗರವಾದ ಮೇಲೆ ನಗರದ ನೀರಿಗಾಗಿ ಹದಿನೇಳು ವರ್ಷ ಕಾಯಬೇಕಾಯಿತು. ಗ್ರಾಮ ಪಂಚಾಯಿತಿ ಹೋಗಿತ್ತು, ನಗರದ ಸೌಲಭ್ಯ ಬಂದಿರಲಿಲ್ಲ.

ಗೆರೆ ಸರಿದಾಗ ರೈತನಿಗೆ ಆಗುವುದೇನು?

ಮೊದಲನೆಯದು ಕೂಲಿ ಮತ್ತು ನೆರವು. ಉದ್ಯೋಗ ಖಾತರಿಯ ಕೆಲಸ ಗ್ರಾಮೀಣ ಕುಟುಂಬಗಳಿಗೆ ಮಾತ್ರ ಮೀಸಲು. ಗ್ರಾಮ ಪಂಚಾಯಿತಿಯು ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿದರೆ ಅಲ್ಲಿಯ ಭೂಮಿಯಿಲ್ಲದ ಕೂಲಿಕಾರರಿಗೆ ಈ ಹಕ್ಕು ತಪ್ಪುತ್ತದೆ. ಕೃಷಿಹೊಂಡ, ಬದು ನಿರ್ಮಾಣ, ಕೆರೆ ಹೂಳೆತ್ತುವುದು ಮುಂತಾದ ಕೆಲಸಗಳಿಗೆ ಇದ್ದ ಈ ಹಣದ ಬಾಗಿಲೂ ಮುಚ್ಚುತ್ತದೆ. ಮನೆ ಕಂದಾಯ ಮಾತ್ರ ನಗರದ ದರಕ್ಕೆ ಏರುತ್ತದೆ.

ಎರಡನೆಯದು ಭೂಸ್ವಾಧೀನದ ಪರಿಹಾರ. 2014ರ ಜನವರಿಯಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯಿದೆಯಂತೆ ಗ್ರಾಮೀಣ ಪ್ರದೇಶದ ಜಮೀನಿನ ಮಾರುಕಟ್ಟೆ ಬೆಲೆಯನ್ನು, ನಗರದಿಂದ ಇರುವ ದೂರಕ್ಕೆ ಅನುಗುಣವಾಗಿ 1ರಿಂದ 2ರವರೆಗಿನ ಅಂಶದಿಂದ ಗುಣಿಸಬೇಕು. ನಗರ ಪ್ರದೇಶಕ್ಕೆ ಈ ಅಂಶ 1 ಮಾತ್ರ. ಬಂದ ಮೊತ್ತಕ್ಕೆ ಅಷ್ಟೇ ಹಣವನ್ನು ಸಾಂತ್ವನ ಧನವಾಗಿ ಸೇರಿಸಬೇಕು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಎಕರೆಗೆ 20 ಲಕ್ಷ ರೂಪಾಯಿ ಬೆಲೆಯ ಜಮೀನು ಗುಣಕ 2 ಇರುವ ಗ್ರಾಮೀಣ ಪ್ರದೇಶದಲ್ಲಿದ್ದರೆ 40 ಲಕ್ಷ, ಅದಕ್ಕೆ ಸಾಂತ್ವನ ಧನ 40 ಲಕ್ಷ, ಒಟ್ಟು 80 ಲಕ್ಷ ರೂಪಾಯಿ. ಅದೇ ಬೆಲೆಯ ಜಮೀನು ನಗರದ ಎಲ್ಲೆಯೊಳಗಿದ್ದರೆ 20 ಮತ್ತು 20 ಸೇರಿ 40 ಲಕ್ಷ ರೂಪಾಯಿ. ಮಣ್ಣು ಒಂದೇ, ಬೆಲೆಯೂ ಒಂದೇ. ಗೆರೆ ಸರಿದರೆ ಪರಿಹಾರ ಅರ್ಧ. ಆದರೆ ಎಲ್ಲ ಸ್ವಾಧೀನವೂ ಈ ಒಂದೇ ಕಾಯಿದೆಯಡಿ ನಡೆಯುವುದಿಲ್ಲ. ಕೈಗಾರಿಕಾ ಪ್ರದೇಶಗಳಿಗೆ 1966ರ ಕಾಯಿದೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಿಗೆ 1976ರ ಕಾಯಿದೆ ಇವೆ. ನೋಟೀಸು ಬಂದಾಗ ಯಾವ ಕಾಯಿದೆ, ಯಾವ ಕಲಮು ಎಂಬುದನ್ನು ಮೊದಲು ಓದಿಸಿಕೊಳ್ಳಬೇಕು.

ಮೂರನೆಯದು ಆದಾಯ ತೆರಿಗೆ. ಗ್ರಾಮೀಣ ಬೇಸಾಯದ ಜಮೀನನ್ನು ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲವೆಂಬುದು ಬಹಳ ಮಂದಿಗೆ ಗೊತ್ತು. ‘ಗ್ರಾಮೀಣ’ ಎಂದರೆ ಇಲ್ಲಿ ಏನೆಂಬುದು ಕೆಲವರಿಗೇ ಗೊತ್ತು. 10 ಸಾವಿರಕ್ಕೆ ಮೇಲ್ಪಟ್ಟು 1 ಲಕ್ಷದವರೆಗೆ ಜನಸಂಖ್ಯೆಯಿರುವ ಪಟ್ಟಣದ ಎಲ್ಲೆಯಿಂದ 2 ಕಿಲೋಮೀಟರ್, 1 ಲಕ್ಷದಿಂದ 10 ಲಕ್ಷದವರೆಗಿನ ನಗರಕ್ಕೆ 6 ಕಿಲೋಮೀಟರ್, ಅದಕ್ಕೂ ದೊಡ್ಡ ನಗರಕ್ಕೆ 8 ಕಿಲೋಮೀಟರ್ ಒಳಗಿನ ಜಮೀನು ಈ ವಿನಾಯಿತಿಯ ಹೊರಗೆ. ದೂರವನ್ನು ಅಳೆಯುವುದು ರಸ್ತೆಯ ಮೇಲಲ್ಲ, ಆಕಾಶಮಾರ್ಗದಲ್ಲಿ. ಪಾಲಿಕೆಯ ಎಲ್ಲೆ ಹೊರಕ್ಕೆ ಸರಿದಾಗ ಈ 8 ಕಿಲೋಮೀಟರಿನ ಬಳೆಯೂ ಅದರೊಡನೆ ಹೊರಕ್ಕೆ ಸರಿಯುತ್ತದೆ. ರಾಗಿ ಬೆಳೆಯುತ್ತಿರುವ ಹೊಲವೂ ತೆರಿಗೆಯ ಲೆಕ್ಕದಲ್ಲಿ ನಗರದ ಆಸ್ತಿಯಾಗಬಹುದು. ಇಂಥ ಜಮೀನನ್ನು ಮಾರಿದವರು ಎರಡು ವರ್ಷದೊಳಗೆ ಬೇರೆ ಬೇಸಾಯದ ಜಮೀನು ಕೊಂಡರೆ ಕೆಲವು ಷರತ್ತಿಗೊಳಪಟ್ಟು ರಿಯಾಯಿತಿಯುಂಟು. ಮಾರುವ ಮುನ್ನವೇ ತಿಳಿದವರನ್ನು ವಿಚಾರಿಸಬೇಕು, ಮಾರಿದ ಮೇಲಲ್ಲ.

ನಾಲ್ಕನೆಯದು ಕೊಳ್ಳುವವರು ಯಾರು ಎಂಬುದು. 1961ರ ಭೂಸುಧಾರಣಾ ಕಾಯಿದೆಯ 79 ಎ ಮತ್ತು 79 ಬಿ ಕಲಮುಗಳು ಬೇಸಾಯಗಾರರಲ್ಲದವರು ಬೇಸಾಯದ ಜಮೀನು ಕೊಳ್ಳುವುದನ್ನು ತಡೆದಿದ್ದವು. 2020ರ ತಿದ್ದುಪಡಿಯಲ್ಲಿ ಇವನ್ನು ಕೈಬಿಡಲಾಯಿತು. ಇದರಿಂದ ಮಾರುವವನಿಗೆ ಗಿರಾಕಿಗಳು ಹೆಚ್ಚಿದರು ನಿಜ. ಅಕ್ಕಪಕ್ಕದ ಎರಡು ಎಕರೆ ಕೊಂಡು ಹಿಡುವಳಿ ಹಿರಿದು ಮಾಡಿಕೊಳ್ಳಬೇಕೆಂಬ ರೈತನಿಗೆ ಮಾತ್ರ ಪಟ್ಟಣದ ಹಣದೊಡನೆ ಪೈಪೋಟಿ ಬಂದಿತು. ಬೆಳೆಯ ಆದಾಯದಿಂದ ಜಮೀನಿನ ಬೆಲೆ ತೀರಿಸುವುದು ನಗರದ ಅಂಚಿನಲ್ಲಿ ಇಂದು ಸಾಧ್ಯವಿಲ್ಲದ ಮಾತು.

ಬೇಸಾಯ ಬದಲಾಗುವ ಬಗೆ

ಜರ್ಮನಿಯ ವಾನ್ ಥ್ಯೂನೆನ್ ಎಂಬ ಬೇಸಾಯಗಾರ 1826ರಲ್ಲೇ ಒಂದು ತತ್ವವನ್ನು ವಿವರಿಸಿದ್ದರು. ಪಟ್ಟಣಕ್ಕೆ ಬಹು ಹತ್ತಿರದ ಬಳೆಯಲ್ಲಿ ಹಾಲು, ತರಕಾರಿಗಳಂಥ ಬೇಗ ಕೆಡುವ ಪದಾರ್ಥಗಳು, ಅದರಾಚೆ ಸೌದೆ, ಅದರಾಚೆ ಧಾನ್ಯ, ಕಡೆಗೆ ದನದ ಹುಲ್ಲುಗಾವಲು ಎಂಬುದು ಅವರ ಲೆಕ್ಕ. ಬೆಂಗಳೂರಿನ ಸುತ್ತಲೂ ಇದು ಬಹುಮಟ್ಟಿಗೆ ನಿಜವಾಗಿತ್ತು. ಸೊಪ್ಪು, ಹೂ, ದ್ರಾಕ್ಷಿ, ಹಾಲು ಹತ್ತಿರದ ಊರುಗಳಿಂದಲೇ ಬರುತ್ತಿದ್ದವು. ಹಾಪ್‌ಕಾಮ್ಸ್ ಸಂಸ್ಥೆ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ ಹುಟ್ಟಿದ್ದು. ಬೆಂಗಳೂರು ನೀಲಿ ದ್ರಾಕ್ಷಿ, ದೇವನಹಳ್ಳಿ ಚಕ್ಕೋತ, ಬೆಂಗಳೂರು ಗುಲಾಬಿ ಈರುಳ್ಳಿಗಳಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಬೆಳೆಗಳು ನಿಂತಿರುವ ನೆಲವೇ ನಿವೇಶನವಾಗಿ ಕರಗುತ್ತಿದೆ.

ಥ್ಯೂನೆನ್ನರ ಲೆಕ್ಕದಲ್ಲಿ ಇರದ ಒಂದು ಅಂಶ ನಮ್ಮಲ್ಲಿದೆ. ಅದು ಅನಿಶ್ಚಯ. ಮುಂದಿನ ವರ್ಷ ಜಮೀನು ಕೈಯಲ್ಲಿರುತ್ತದೋ ಇಲ್ಲವೋ ಎಂಬ ರೈತ ಮೂವತ್ತು ದಿನದ ದಂಟು, ನಲವತ್ತು ದಿನದ ಕೊತ್ತಂಬರಿಗೆ ಒಲಿಯುತ್ತಾನೆ. ಮಾವು, ಚಕ್ಕೋತ ನೆಡುವುದಿಲ್ಲ. ಕೊಟ್ಟಿಗೆ ಗೊಬ್ಬರದ ಫಲ ಮೂರು ವರ್ಷಕ್ಕೆ ಹರಡಿಕೊಂಡು ಬರುವುದರಿಂದ ಅದರ ಬದಲು ಯೂರಿಯಾ ಮೂಟೆ ತರುತ್ತಾನೆ. ಬದು ಕುಸಿದರೆ ಸರಿಪಡಿಸುವುದಿಲ್ಲ. ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಮೊದಲೇ ಕಡಮೆ. ಹತ್ತು ವರ್ಷದ ಇಂಥ ಬೇಸಾಯದಲ್ಲಿ ಮಣ್ಣು ಹೆಪ್ಪುಗಟ್ಟಿ ಮಳೆನೀರನ್ನು ಒಳಗೆ ಬಿಡದಾಗುತ್ತದೆ. ಭೂಮಿ ಮಾರಾಟವಾಗುವ ಮೊದಲೇ ಬೇಸಾಯ ಅದನ್ನು ಬಿಟ್ಟಿರುತ್ತದೆ.

ಇನ್ನು ದೂರದಲ್ಲಿ ನೆಲೆಸಿದ ಒಡೆಯರು ಹಿಡಿದ ದಾರಿ ನೀಲಗಿರಿ. ಆಳು ಬೇಡ, ಕಾವಲು ಬೇಡ, ಜಮೀನು ಒತ್ತುವರಿಯಾಗದಂತೆ ಮರ ನಿಂತಿರುತ್ತದೆ ಎಂಬ ಕಾರಣಕ್ಕೆ ರಾಗಿ ಹೊಲಗಳೆಷ್ಟೋ ತೋಪುಗಳಾದವು. ರಾಗಿ ಹೋದೊಡನೆ ರಾಗಿ ಹುಲ್ಲೂ ಹೋಯಿತು. ಹಸು ಸಾಕುವವರು ಮೇವನ್ನು ದೂರದಿಂದ ಕೊಳ್ಳುವಂತಾಯಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ತೋಪು ತೆಗೆದ ನೆಲದಲ್ಲಿ ಬೇರು, ಬುಡಗಳನ್ನು ಪೂರ್ತಿ ಕಿತ್ತು, ಮೊದಲ ವರ್ಷ ಹುರುಳಿ ಅಥವಾ ಅಲಸಂದೆ ಬಿತ್ತಿ, ಧಾರಾಳ ಕೊಟ್ಟಿಗೆ ಗೊಬ್ಬರ ಕೊಟ್ಟು, ಅನಂತರ ರಾಗಿಗೆ ಮರಳುವುದು ಉತ್ತಮ.

ನಗರದ ಬಳಸಿದ ನೀರು, ಹಳ್ಳಿಯ ಕೆರೆ

ಹಳ್ಳಿ ನಗರಗಳ ಸಂಬಂಧ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ನೀರಿನಲ್ಲಿ. ಬೆಂಗಳೂರು ಕಾವೇರಿಯಿಂದ ನೀರು ತರುತ್ತದೆ; ಬಳಸಿ ಹೊರಬಿಟ್ಟ ನೀರು ಮತ್ತೆ ಹಳ್ಳಿಗಳ ಕಡೆಗೇ ಹರಿಯುತ್ತದೆ. ವೃಷಭಾವತಿಯ ನೀರು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಸೇರಿ, ಅಲ್ಲಿಯ ಅಚ್ಚುಕಟ್ಟಿನ ರೈತರು ದಶಕಗಳಿಂದ ಆ ನೀರಿನಲ್ಲೇ ಬೇಸಾಯ ಮಾಡುತ್ತಿದ್ದಾರೆ. ಅಲ್ಲಿ ಭತ್ತ ಹಿಂದೆ ಸರಿದು ಮೇವಿನ ಹುಲ್ಲು, ಎಳೆ ಜೋಳ, ಹಿಪ್ಪುನೇರಳೆ ಮುಂದೆ ಬಂದಿವೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಏರಿಸಲಾಗುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಈ ಯೋಜನೆಯ ಗುರಿ. ಅನಂತರ ಹೆಬ್ಬಾಳ-ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ ಹರಿಯಿತು. ಈ ನೀರು ಎರಡನೆಯ ಹಂತದವರೆಗೆ ಮಾತ್ರ ಶುದ್ಧವಾದದ್ದು. ಒಣಗಿದ್ದ ಕೆರೆ ತುಂಬಿದ್ದು, ಬತ್ತಿದ ಕೊಳವೆ ಬಾವಿಗಳಿಗೆ ಜೀವ ಬಂದದ್ದು ಒಂದು ಕಡೆ; ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಇನ್ನೊಂದು ಕಡೆ.

ಇಂಥ ನೀರಿನಲ್ಲಿ ಗೊಬ್ಬರದ ಅಂಶವಿರುತ್ತದೆ ಎಂಬುದನ್ನು ರೈತರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲೀಟರಿಗೆ 30 ಮಿಲಿಗ್ರಾಂ ಸಾರಜನಕವಿರುವ ನೀರನ್ನು ಬೆಳೆಯ ಅವಧಿಯಲ್ಲಿ ಒಟ್ಟು 400 ಮಿಲಿಮೀಟರ್ ಹಾಯಿಸಿದರೆ, ಒಂದು ಎಕರೆಗೆ ಸುಮಾರು 48 ಕಿಲೋಗ್ರಾಂ ಸಾರಜನಕ ನೀರಿನಿಂದಲೇ ಸೇರುತ್ತದೆ. ಇದು 45 ಕಿಲೋ ತೂಕದ ಎರಡು ಮೂಟೆ ಯೂರಿಯಾಕ್ಕಿಂತ ಹೆಚ್ಚು. ನೀರಾವರಿ ರಾಗಿಗೆ ಶಿಫಾರಸು ಮಾಡಿರುವುದೇ ಎಕರೆಗೆ 40 ಕಿಲೋಗ್ರಾಂ. ಇಂಥ ಕಡೆ ಎಂದಿನಂತೆ ಯೂರಿಯಾವನ್ನೂ ಹಾಕಿದರೆ ಪೈರು ಹುಲುಸಾಗಿ ಬೆಳೆದು ನೆಲಕ್ಕೊರಗುತ್ತದೆ, ಕಾಳು ಜೊಳ್ಳಾಗುತ್ತದೆ, ಕೀಟ ರೋಗಗಳು ಹೆಚ್ಚುತ್ತವೆ, ಉಳಿದದ್ದು ನೈಟ್ರೇಟ್ ಆಗಿ ಕುಡಿಯುವ ಬಾವಿಗೆ ಇಳಿಯುತ್ತದೆ. ಆದ್ದರಿಂದ ನೀರನ್ನು ಪರೀಕ್ಷೆ ಮಾಡಿಸಿ, ಅದರಲ್ಲಿರುವ ಸಾರಜನಕವನ್ನು ಕಳೆದು, ಉಳಿದದ್ದನ್ನು ಮಾತ್ರ ಗೊಬ್ಬರವಾಗಿ ಕೊಡಬೇಕು.

ನೀರಿನ ವಿದ್ಯುತ್ ವಾಹಕತೆ 0.75 ಡೆಸಿಸೈಮನ್ಸ್‌ಗಿಂತ ಕಡಮೆಯಿದ್ದರೆ ಸಾಮಾನ್ಯವಾಗಿ ಎಲ್ಲ ಬೆಳೆಗೂ ಸರಿ. 0.75ರಿಂದ 2.25ರವರೆಗೆ ಇದ್ದರೆ ನೀರು ಬಸಿದು ಹೋಗುವ ಮಣ್ಣಿನಲ್ಲಿ, ಉಪ್ಪು ತಡೆಯುವ ಬೆಳೆಗೆ ಮಾತ್ರ ಬಳಸಬೇಕು. ಅದಕ್ಕೂ ಮೀರಿದರೆ ಬಳಸದಿರುವುದೇ ಲೇಸು. ಕಾರ್ಖಾನೆಗಳ ನೀರು ಸೇರುವ ಕಡೆ ಕ್ಯಾಡ್ಮಿಯಂನಂಥ ಭಾರ ಲೋಹಗಳು ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತವೆ. ಸೊಪ್ಪಿನ ಬೆಳೆಗಳು ಇವನ್ನು ಬೇರೆ ಬೆಳೆಗಳಿಗಿಂತ ಹೆಚ್ಚಾಗಿ ಹೀರುತ್ತವೆ. ಅಂಥ ನೀರಿನಲ್ಲಿ ಸೊಪ್ಪು ಬೆಳೆಯಬಾರದು. ಹಸಿಯಾಗಿ ತಿನ್ನುವ ಮೂಲಂಗಿ, ಸೌತೆ, ಕ್ಯಾರೆಟ್, ಕೊತ್ತಂಬರಿಗಳನ್ನು ಯಾವುದೇ ಬಳಸಿದ ನೀರಿನಲ್ಲಿ ಬೆಳೆಯದಿರುವುದು ಕ್ಷೇಮ. ಹೂ, ಮರಮುಟ್ಟು, ಬೀಜದ ಬೆಳೆಗಳಿಗೆ ಇಂಥ ನೀರು ಒಗ್ಗುತ್ತದೆ. ತುಂತುರು ನೀರಾವರಿ ಬೇಡ. ಶೋಧಕ ಅಳವಡಿಸಿದ ಹನಿ ನೀರಾವರಿ ಅಥವಾ ಸಾಲು ನೀರಾವರಿ ಸಾಕು. ಕೆಲಸ ಮಾಡುವವರು ಕಾಲಿಗೆ ಬೂಟು ಹಾಕಿಕೊಳ್ಳಬೇಕು, ಸೋಪಿನಿಂದ ಕೈಕಾಲು ತೊಳೆಯಬೇಕು.

ಯೋಜನೆ ಎರಡನ್ನೂ ಸೇರಿಸಿ ಆಗಬೇಕು

ಕೆರೆಯ ಜಲಾನಯನ ಪ್ರದೇಶ ಪಾಲಿಕೆಯಲ್ಲಿ, ಏರಿ ಪಂಚಾಯಿತಿಯಲ್ಲಿ, ಅಚ್ಚುಕಟ್ಟು ಪಕ್ಕದ ತಾಲ್ಲೂಕಿನಲ್ಲಿ ಇರುವುದು ಅಪರೂಪವಲ್ಲ. ಮೇಲೆ ರಾಜಕಾಲುವೆ ಮುಚ್ಚಿದರೆ ಕೆಳಗೆ ಗದ್ದೆ ಒಣಗುತ್ತದೆ. ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ಒಳಹರಿವು ಬತ್ತಿದ್ದು ಹೀಗೆಯೇ. 2003ರಲ್ಲಿ ಅದರ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳಿಗೆ ನಿರ್ಬಂಧ ಹೇರುವ ಅಧಿಸೂಚನೆ ಬಂದಿತು. ಅಷ್ಟರಲ್ಲಿ ಬಹಳಷ್ಟು ಹಾನಿಯಾಗಿತ್ತು.

ಇಂಥ ವಿಷಯಗಳಿಗೆ ಸಂವಿಧಾನದಲ್ಲಿ ದಾರಿ ಇದೆ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಪಂಚಾಯಿತಿಗಳ ಮತ್ತು ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸುವುದು, ನೀರು ಮುಂತಾದ ಪ್ರಕೃತಿ ಸಂಪತ್ತಿನ ಹಂಚಿಕೆಯನ್ನು ಪರಿಗಣಿಸುವುದು ಅದರ ಕೆಲಸ. ಹತ್ತು ಲಕ್ಷ ಮೀರಿದ ಮಹಾನಗರಕ್ಕೆ ಮಹಾನಗರ ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮೂರನೇ ಎರಡು ಭಾಗಕ್ಕೆ ಕಡಮೆಯಿಲ್ಲದಷ್ಟು ಮಂದಿಯನ್ನು ಪಟ್ಟಣಗಳ ಚುನಾಯಿತ ಸದಸ್ಯರೂ ಪಂಚಾಯಿತಿ ಅಧ್ಯಕ್ಷರೂ ಆರಿಸಬೇಕು. ಎಂದರೆ, ಮಹಾನಗರದ ಯೋಜನೆಯಲ್ಲಿ ಅಂಚಿನ ಹಳ್ಳಿಯ ಮಾತಿಗೂ ಸ್ಥಾನವಿದೆ. ಈ ಸಮಿತಿಗಳು ಕಾಗದದಿಂದ ಇಳಿದು ಕೆಲಸ ಮಾಡುವಂತೆ ಪಂಚಾಯಿತಿಗಳೇ ಒತ್ತಾಯಿಸಬೇಕು.

ರೈತರ ಮಾತಿಗೆ ಬೆಲೆಯಿಲ್ಲವೆಂದೂ ತಿಳಿಯಬೇಕಾಗಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಕ್ರಿಯೆಯನ್ನು, ಮೂರು ವರ್ಷಕ್ಕೂ ಮೇಲ್ಪಟ್ಟು ನಡೆದ ರೈತರ ಚಳವಳಿಯ ಅನಂತರ, ಸರ್ಕಾರ 2025ರ ಜುಲೈಯಲ್ಲಿ ಕೈಬಿಟ್ಟಿತು. ವಿಮಾನ ನಿಲ್ದಾಣದ ನೆರಳಿನಲ್ಲೂ ಬೇಸಾಯ ಬಾಳಬಲ್ಲದೆಂದು ಅಲ್ಲಿಯ ರೈತರು ತೋರಿಸಬೇಕಾಗಿತ್ತು. ಭೂಮಿ ಉಳಿದ ಮೇಲೆ ಬೇಸಾಯವನ್ನು ಲಾಭದಾಯಕವಾಗಿಸುವ ಹೊಣೆ ಸರ್ಕಾರದ್ದೂ ವಿಶ್ವವಿದ್ಯಾನಿಲಯದ್ದೂ ಹೌದು.

ರೈತರು ಗಮನದಲ್ಲಿಡಬೇಕಾದ ಅಂಶಗಳು

1. ತಮ್ಮ ಸರ್ವೆ ನಂಬರು ಯಾವ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ, ಮಹಾಯೋಜನೆಯ ನಕ್ಷೆಯಲ್ಲಿ ಯಾವ ವಲಯವೆಂದು ಗುರುತಾಗಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಕರಡು ಯೋಜನೆ ಪ್ರಕಟವಾದಾಗ ನಿಗದಿಯಾದ ಅವಧಿಯೊಳಗೆ ಬರಹದಲ್ಲಿ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು.

2. ಪಹಣಿ, ಪೋಡಿ, ಪೌತಿ ಖಾತೆಗಳನ್ನು ಸರಿಪಡಿಸಿಟ್ಟುಕೊಳ್ಳಬೇಕು. ತಾತನ ಹೆಸರಿನಲ್ಲೇ ಖಾತೆ ಉಳಿದಿದ್ದರೆ ಪರಿಹಾರದ ಹಣ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ನಿಲ್ಲುತ್ತದೆ.

3. ಪಹಣಿಯಲ್ಲಿ ಬೆಳೆಯ ಕಾಲಂ ಪ್ರತಿ ಹಂಗಾಮಿನಲ್ಲೂ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ತೋಟ, ಕೊಳವೆ ಬಾವಿ, ಮರಗಳು ದಾಖಲೆಯಲ್ಲಿ ಇಲ್ಲದಿದ್ದರೆ ಪರಿಹಾರದಲ್ಲೂ ಇರುವುದಿಲ್ಲ.

4. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಮಧ್ಯವರ್ತಿಗಳ ಮಾತಿಗೆ ಮರುಳಾಗಿ ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಬಾರದು.

5. ಭೂಪರಿವರ್ತನೆಯ ನಿಯಮಗಳು ಈಚೆಗೆ ಪದೇ ಪದೇ ತಿದ್ದುಪಡಿಯಾಗಿವೆ. ನಿವೇಶನ ಮಾಡುವ ಮುನ್ನ ತಹಸೀಲ್ದಾರರ ಕಚೇರಿಯಲ್ಲಿ ಈಗಿನ ನಿಯಮ ವಿಚಾರಿಸಬೇಕು. ಪರಿವರ್ತನೆಯಿಲ್ಲದ ಗುಂಟೆ ನಿವೇಶನ ಮಾರಿದವನಿಗೂ ಕೊಂಡವನಿಗೂ ತೊಡಕು.

6. ಗ್ರಾಮ ನಕ್ಷೆಯಲ್ಲಿ ಕಾಲುವೆ, ಹಳ್ಳ, ಬಂಡಿದಾರಿಗಳೆಂದು ತೋರಿಸಿದ ಖರಾಬು ನೆಲವನ್ನು ಊರಿನವರೇ ಕಾಯಬೇಕು. ಒತ್ತುವರಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಬೇಕು.

7. ಜಮೀನನ್ನೆಲ್ಲ ಒಮ್ಮೆಗೇ ಮಾರದೆ, ಒಂದಿಷ್ಟನ್ನಾದರೂ ಮನೆಯ ರಾಗಿ, ಮೇವು, ತರಕಾರಿಗೆ ಉಳಿಸಿಕೊಳ್ಳುವುದು ವಿವೇಕ. ಮಾರಿದ ಹಣದಲ್ಲಿ ಮನೆಯ ಹೆಂಗಸರ ಹೆಸರಿಗೂ ಪಾಲು ಇರಲಿ. ಆ ಹೊಲದಲ್ಲಿ ದುಡಿದವರು ಅವರೇ.

8. ಕೆಲವೇ ವರ್ಷ ಬೇಸಾಯ ಮಾಡುವ ಉದ್ದೇಶವಿದ್ದರೂ ಮಣ್ಣು ಪರೀಕ್ಷೆ, ಕೊಟ್ಟಿಗೆ ಗೊಬ್ಬರ, ಬದು ದುರಸ್ತಿಗಳನ್ನು ಬಿಡಬಾರದು. ನಗರ ಬರುತ್ತದೆಂದು ಕಾದ ಎಷ್ಟೋ ಹೊಲಗಳು ಇಪ್ಪತ್ತು ವರ್ಷದ ಮೇಲೂ ಹೊಲಗಳಾಗಿಯೇ ಉಳಿದಿವೆ, ಫಲವತ್ತತೆ ಮಾತ್ರ ಉಳಿದಿಲ್ಲ.

ನಗರ ಬೆಳೆಯುವುದನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಊರಿನ ಮಕ್ಕಳಿಗೆ ಅಲ್ಲಿ ಉದ್ಯೋಗವಿದೆ, ಬೆಳೆದ ಹೂವಿಗೆ ಅಲ್ಲಿ ಬೆಲೆಯಿದೆ. ಆದರೆ ನಗರಕ್ಕೆ ಸೊಪ್ಪು, ಹಾಲು, ಅಂತರ್ಜಲ, ತಂಪು ಗಾಳಿ ಒದಗುವುದು ಈ ಅಂಚಿನ ನೆಲದಿಂದಲೇ. ಈ ನೆಲವನ್ನು ನಾಳೆಯ ನಿವೇಶನವೆಂದು ಮಾತ್ರ ಕಾಣುವ ಯೋಜನೆ ಹಳ್ಳಿಗೂ ಹಿತವಲ್ಲ, ನಗರಕ್ಕೂ ಹಿತವಲ್ಲ. ಗೆರೆ ಎಳೆಯುವವರು ಗೆರೆಯ ಮೇಲೆ ನಿಂತ ರೈತನನ್ನು ಕೇಳಿ ಎಳೆಯಬೇಕು. ಕೇಳದಿದ್ದರೆ, ಕೇಳುವಂತೆ ಮಾಡುವ ತಿಳಿವಳಿಕೆ ರೈತನಲ್ಲಿರಬೇಕು.